ಮಲ್ಲಂದೂರಿನಿಂದ ಜಿಲ್ಲಾಸ್ಪತ್ರೆಯವರೆಗೆ: ಎಲ್ಲರೂ ನಡೆಯಬಲ್ಲ ದಾರಿಯ ಪ್ರಶ್ನೆ

ಪಾದಚಾರಿ ಮಾರ್ಗದ ಮಾತು ಬಂದ ಕೂಡಲೇ ಚರ್ಚೆ ಬೆಂಗಳೂರಿಗೆ ಹೊರಟುಬಿಡುತ್ತದೆ. ಒಡೆದ ಚಪ್ಪಡಿ, ಫುಟ್‌ಪಾತ್ ಮೇಲೆ ಹತ್ತುವ ಸ್ಕೂಟರ್, ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್ ಎಲ್ಲವೂ ಅಲ್ಲಿಯವೇ. ಆದರೆ 2011ರ ಜನಗಣತಿ ಬೇರೆ ಕಡೆ ಕೈ ತೋರಿಸುತ್ತದೆ. ದೇಶದಲ್ಲಿ ಅಂಗವಿಕಲರೆಂದು ಲೆಕ್ಕಕ್ಕೆ ಸಿಕ್ಕವರು 2.68 ಕೋಟಿ ಜನ. ಅವರಲ್ಲಿ ಶೇಕಡ 69ರಷ್ಟು ಮಂದಿ ಇದ್ದದ್ದು ಹಳ್ಳಿಗಳಲ್ಲಿ. ಕರ್ನಾಟಕದ ಲೆಕ್ಕ 13.24 ಲಕ್ಷ. ಹೀಗಿರುವಾಗ ‘ಎಲ್ಲರಿಗೂ ಎಟಕುವ ರಸ್ತೆ, ಎಲ್ಲರಿಗೂ ಎಟಕುವ ಸಾರ್ವಜನಿಕ ಜಾಗ’ ಎಂಬ ವಿಷಯವನ್ನು ಎಂ.ಜಿ. ರಸ್ತೆಯಿಂದ ಶುರುಮಾಡುವುದಕ್ಕಿಂತ ಮಲ್ಲಂದೂರಿನಂಥ ಊರಿನಿಂದ ಶುರುಮಾಡುವುದೇ ಸರಿ. ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಊರು ಇದು. ಇಂಥ ಕಡೆ ಪಾದಚಾರಿ ಮಾರ್ಗ ಅಂದರೆ ಡಾಂಬರಿನ ಅಂಚಿಗೂ ಚರಂಡಿಗೂ ನಡುವೆ ಉಳಿದಿರುವ ಒಂದೆರಡು ಅಡಿ ಮಣ್ಣು. ಮಳೆಗಾಲದಲ್ಲಿ ಅದೂ ಇರುವುದಿಲ್ಲ.

ಯಾರ ಕುರಿತು ಮಾತಾಡುತ್ತಿದ್ದೇವೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಹುಟ್ಟಿನಿಂದ ಕಣ್ಣು ಕಾಣದವರು, ಪೋಲಿಯೊದಿಂದ ಕಾಲು ಸೋತವರು ಇದ್ದೇ ಇದ್ದಾರೆ. ಕಾಫಿ ಸೀಮೆಗೆ ಅದರದೇ ಆದ ಕಾರಣಗಳೂ ಇವೆ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಮೇಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಇಲ್ಲಿದ್ದಾರೆ. ಮೆಣಸು ಕೊಯ್ಯಲು ಎತ್ತಿದ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜೀವವನ್ನೋ ಕೈಯನ್ನೋ ಕಳೆದುಕೊಂಡವರಿದ್ದಾರೆ. ಆನೆ ತುಳಿತದಿಂದ ಹೇಗೋ ಬದುಕಿ ಉಳಿದವರಿದ್ದಾರೆ. ಇಳಿಜಾರಿನಲ್ಲಿ ಮೂವತ್ತು ನಲವತ್ತು ವರ್ಷ ಹಣ್ಣು ಕೊಯ್ದ ಹೆಂಗಸರ ಮಂಡಿ ಅರವತ್ತರ ಹೊತ್ತಿಗೆ ಮಾತು ಕೇಳುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಇಲ್ಲಿನ ದೊಡ್ಡ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಮುಪ್ಪಾಗುತ್ತಿರುವ ಬೆಳೆಗಾರ ಕುಟುಂಬಗಳೂ ಕಡಿಮೆಯೇನಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡವಳು, ತಲೆ ಮೇಲೆ ಮೂಟೆ ಹೊತ್ತವನು, ದಿನ ತುಂಬಿದ ಬಸುರಿ, ಕಣ್ಣಿಗೆ ಪೊರೆ ಬಂದವರು ಎಲ್ಲರಿಗೂ ಕಾಲಿಡಲು ಸಮನಾದ ಜಾಗ ಬೇಕು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು, 2016ರದ್ದು ಇಪ್ಪತ್ತೊಂದನ್ನು ಗುರುತಿಸಿತು. ಬದುಕು ಉದ್ದವಾದಷ್ಟೂ ಆ ಪಟ್ಟಿಯ ಒಂದಲ್ಲ ಒಂದು ಸಾಲಿಗೆ ನಮ್ಮಲ್ಲಿ ಹೆಚ್ಚಿನವರು ಸೇರುವವರೇ.

ಈಗ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಮಲ್ಲಂದೂರಿನ ಕಡೆಯ ಒಂದು ತೋಟದ ಕಾರ್ಮಿಕರ ಲೈನ್ ಮನೆ. ಎಪ್ಪತ್ತರ ಹತ್ತಿರದ ಹೆಂಗಸು, ಸಕ್ಕರೆ ಕಾಯಿಲೆಯಿಂದ ಒಂದು ಪಾದದ ಅರ್ಧ ಹೋಗಿದೆ, ಕೈಯಲ್ಲಿ ಊರುಗೋಲು. ಆಕೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಹೋಗಿ ಮದ್ದು ತರಬೇಕು. ಲೈನ್ ಮನೆಯ ಜಗಲಿಯಿಂದ ಅಂಗಳಕ್ಕೆ ಇಳಿಯುವ ಮೆಟ್ಟಿಲು ಎತ್ತರ, ಹಿಡಿಯಲು ಏನೂ ಇಲ್ಲ. ಅಂಗಳ ದಾಟಿದರೆ ತೋಟದ ಕಾಲುದಾರಿ, ಅದರ ಕೊನೆಗೆ ತಡಮೆ ಅಥವಾ ಉಣುಗೋಲು. ದನ ನುಗ್ಗಬಾರದೆಂದು ಮಾಡಿದ್ದು, ಆದರೆ ಊರುಗೋಲಿನವಳನ್ನೂ ಅದು ತಡೆಯುತ್ತದೆ. ನಡುವೆ ಹಳ್ಳ ಇದ್ದರೆ ಕಾಲುಸಂಕ. ಅಲ್ಲಿಂದ ಟಾರು ರಸ್ತೆಗೆ ಏರಬೇಕು. ಮಣ್ಣಿನ ಏರು, ಜೂನ್ ಬಂತೆಂದರೆ ಜಾರುವ ಏರು. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯಲು ನೆರಳಿದ್ದರೆ ಪುಣ್ಯ. ಬಸ್ಸು ಬಂದರೆ ಅದರ ಮೊದಲ ಮೆಟ್ಟಿಲು ಮೊಣಕಾಲೆತ್ತರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ಟಿನ ದುಡ್ಡು ಬೇಡ, ಅದು ದೊಡ್ಡ ಬಿಡುಗಡೆಯೇ ಸರಿ. ಆದರೆ ಟಿಕೆಟ್ ಬಿಟ್ಟಿಯಾದ ಮಾತ್ರಕ್ಕೆ ಮೆಟ್ಟಿಲು ಇಳಿದು ಬರಲಿಲ್ಲ. ಪೇಟೆಯಲ್ಲಿ ಇಳಿದ ಮೇಲೆ ವಾಹನಗಳ ನಡುವೆ ರಸ್ತೆ ದಾಟಬೇಕು, ಏರಿ ಇಳಿಯುವ ಚಪ್ಪಡಿಗಳ ಮೇಲೆ ನಡೆಯಬೇಕು, ಆಸ್ಪತ್ರೆಯ ಗೇಟಿನಿಂದ ಚೀಟಿ ಕೊಡುವ ಕಿಟಕಿಯವರೆಗೆ, ಅಲ್ಲಿಂದ ವೈದ್ಯರ ಕೋಣೆಯವರೆಗೆ, ಔಷಧಿ ಕೌಂಟರಿನವರೆಗೆ ಸಾಲುಗಳಲ್ಲಿ ನಿಲ್ಲಬೇಕು. ನಡುವೆ ಎಲ್ಲೋ ಒಮ್ಮೆ ಶೌಚಾಲಯ ಬೇಕಾಗುತ್ತದೆ. ದೂರದ ಊರಿನಿಂದ ಬರುವ ಎಷ್ಟೋ ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಹೊರಡುವುದು ಇದೇ ಭಯಕ್ಕೆ.

ಮಲೆನಾಡಿನ ಹಳೆಯ ಮನೆಗಳಿಗೆ ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆ ಜೋಡಿಸಿ ನೀರು ತರುತ್ತಿದ್ದರು. ಇಪ್ಪತ್ತು ದಂಬೆಯಲ್ಲಿ ಹತ್ತೊಂಬತ್ತು ಸರಿಯಿದ್ದು ಒಂದು ಜಾರಿದ್ದರೆ ಮನೆಗೆ ಹನಿ ನೀರೂ ಬರುವುದಿಲ್ಲ. ದಾರಿಯ ವಿಚಾರವೂ ಹೀಗೇ. ಆಸ್ಪತ್ರೆಗೆ ಒಳ್ಳೆಯ ರ‍್ಯಾಂಪ್ ಇದ್ದು, ಬಸ್ಸಿನ ಮೆಟ್ಟಿಲು ಹತ್ತಲಾಗದಿದ್ದರೆ ಆ ರ‍್ಯಾಂಪಿನ ಮೇಲೆ ಈಕೆ ಕಾಲಿಡುವುದೇ ಇಲ್ಲ. ನಮ್ಮ ಕಾನೂನು, ಅನುದಾನ, ತಪಾಸಣೆ ಎಲ್ಲವೂ ದಂಬೆಗಳನ್ನು ಒಂದೊಂದಾಗಿ ಎಣಿಸುತ್ತವೆ. ಮನೆಬಾಗಿಲಿನಿಂದ ಕೌಂಟರಿನವರೆಗೆ, ಮತ್ತೆ ಮನೆಬಾಗಿಲಿಗೆ, ಇಡೀ ಪ್ರಯಾಣವನ್ನು ಒಂದೇ ಅಳತೆಯಾಗಿ ಹಿಡಿಯುವವರೆಗೆ ಈ ಸಮಸ್ಯೆ ಕರಗದು ಎಂಬುದು ಈ ಲೇಖಕನ ದೃಢ ಅಭಿಪ್ರಾಯ.

ಕಾನೂನಿನ ಮಟ್ಟಿಗೆ ನಾವು ಬಡವರಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್ 1ರಂದು ಅಂಗೀಕಾರ ಕೊಟ್ಟಿತು. 2015ರ ಡಿಸೆಂಬರ್ 3ರಂದು ‘ಸುಗಮ್ಯ ಭಾರತ ಅಭಿಯಾನ’ ಆರಂಭವಾಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸುಗಮ್ಯತೆಯ ನಿಯಮ ಪಾಲಿಸದ ಕಟ್ಟಡಕ್ಕೆ ಮುಕ್ತಾಯ ಪತ್ರ ಕೊಡಕೂಡದು ಎನ್ನುತ್ತದೆ ಅದರ 44ನೇ ಕಲಂ. ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕೆನ್ನುತ್ತದೆ 45ನೇ ಕಲಂ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಅಂದರೆ ಗಡುವು 2022ರ ಜೂನ್‌ಗೇ ಮುಗಿಯಿತು. ಕಾಯ್ದೆ ಮುರಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಮುರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ಇದೆ. ಸರ್ಕಾರಿ ಕಚೇರಿ ಮಾತ್ರವಲ್ಲ, ಖಾಸಗಿ ಸಂಸ್ಥೆಗಳೂ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಹಾಗಿದ್ದೂ ಕೆಲಸ ಏಕೆ ನಡೆಯಲಿಲ್ಲ? ದೃಷ್ಟಿದೋಷವಿರುವ ರಾಜೀವ್ ರತೂರಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಕಥೆಯಲ್ಲಿ ಇದಕ್ಕೆ ಒಂದು ಉತ್ತರವಿದೆ. ಹನ್ನೆರಡು ವರ್ಷದ ನಂತರ, 2017ರ ಡಿಸೆಂಬರ್‌ನಲ್ಲಿ, ಕೋರ್ಟು ರಾಜ್ಯಗಳಿಗೆ ಗಡುವುಗಳನ್ನು ಹಾಕಿಕೊಟ್ಟಿತು. ಅವು ದಾಟಿಹೋದವು. ಆಮೇಲೆ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರಕ್ಕೆ ವಸ್ತುಸ್ಥಿತಿ ವರದಿಯ ಹೊಣೆ ಕೊಡಲಾಯಿತು. 2024ರ ನವೆಂಬರ್ 8ರ ತೀರ್ಪಿನಲ್ಲಿ ಕೋರ್ಟು ಮೂಲದ ಗಂಟನ್ನೇ ಬಿಚ್ಚಿತು. ಕಾಯ್ದೆ ‘ಮಾಡಲೇಬೇಕು’ ಎನ್ನುತ್ತಿದ್ದರೆ, ಅದರ ಅಡಿಯ 15ನೇ ನಿಯಮ ಬರೀ ಮಾರ್ಗಸೂಚಿಗಳ ರಾಶಿಯನ್ನು ಮುಂದಿಡುತ್ತಿತ್ತು. ಮಾರ್ಗಸೂಚಿ ಎಂದರೆ ಅಧಿಕಾರಿಗಳ ಮಟ್ಟಿಗೆ ಸಲಹೆ, ಪಾಲಿಸದಿದ್ದರೂ ಕೇಳುವವರಿಲ್ಲ. ಆ ನಿಯಮ ಕಾಯ್ದೆಗೆ ವಿರುದ್ಧ ಎಂದು ತೀರ್ಮಾನಿಸಿದ ಕೋರ್ಟು, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ಮಾನದಂಡಗಳನ್ನು ಬೇರೆಯಾಗಿ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಕಾಲ ಕೊಟ್ಟಿತು. ಅರ್ಜಿ ಹಾಕಿದ ದಿನದಿಂದ ಇಲ್ಲಿಗೆ ಹತ್ತೊಂಬತ್ತು ವರ್ಷ. ಅಷ್ಟು ವರ್ಷಗಳಲ್ಲಿ ಎಷ್ಟು ಜನ ಹೊರಗೆ ಬರುವುದನ್ನೇ ಬಿಟ್ಟಿರಬಹುದು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ.

ಕರ್ನಾಟಕಕ್ಕೆ ಹತ್ತಿರದ ಇನ್ನೊಂದು ಎಳೆ ಇದೆ. 2019ರ ಜುಲೈನಲ್ಲಿ ನಮ್ಮ ಹೈಕೋರ್ಟು, ಸುಸ್ಥಿತಿಯಲ್ಲಿರುವ ರಸ್ತೆ ಮತ್ತು ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಓಕಾ. ಅವರೇ ಇದ್ದ ಸುಪ್ರೀಂ ಕೋರ್ಟಿನ ಪೀಠ 2025ರ ಮೇ ತಿಂಗಳಲ್ಲಿ ಅದೇ ಮಾತನ್ನು ಇಡೀ ದೇಶಕ್ಕೆ ಹೇಳಿತು. ಪಾದಚಾರಿ ಮಾರ್ಗಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು, ಒತ್ತುವರಿ ತೆರವಾಗಬೇಕು ಎಂದು ಸ್ಪಷ್ಟಪಡಿಸಿತು. ಇದರ ಹಿಂದಿನ ಅಂಕಿಯನ್ನು ನೋಡಿ: 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನಡೆದು ಹೋಗುತ್ತಿದ್ದವರು 32,825. ಸತ್ತ ಪ್ರತಿ ಐದು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರು ಯಾವ ವಾಹನದಲ್ಲೂ ಇರಲಿಲ್ಲ.

ನಮ್ಮ ಪೇಟೆಗಳ ಪಾದಚಾರಿ ಮಾರ್ಗ ಏಕೆ ಹೀಗಿದೆ ಎಂಬುದಕ್ಕೆ ಅಲಕ್ಷ್ಯ ಒಂದೇ ಕಾರಣವಲ್ಲ. ಕರ್ನಾಟಕದ ಬಹುತೇಕ ಪಟ್ಟಣಗಳಲ್ಲಿ ಅದು ನಡೆಯುವುದಕ್ಕೆಂದು ಕಟ್ಟಿದ್ದೇ ಅಲ್ಲ, ಅದು ಮಳೆನೀರ ಚರಂಡಿಯ ಮುಚ್ಚಳ. ಚರಂಡಿ ಎಷ್ಟು ಆಳ, ನೀರು ಎಲ್ಲಿಗೆ ಹರಿಯಬೇಕು ಎಂಬುದರ ಮೇಲೆ ಚಪ್ಪಡಿಯ ಎತ್ತರ ತೀರ್ಮಾನವಾಗುತ್ತದೆ. ಅದರ ಮೇಲೆ ಯಾರು ಹತ್ತಬೇಕು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ರಸ್ತೆಗೆ ವರ್ಷ ವರ್ಷ ಡಾಂಬರು ಮೆತ್ತಿದಂತೆ ಮಟ್ಟ ಬದಲಾಗುತ್ತದೆ. ಚರಂಡಿ ಸ್ವಚ್ಛ ಮಾಡಲು ಎತ್ತಿದ ಚಪ್ಪಡಿ ವಾಪಸು ಕೂರುವಾಗ ಓರೆಯಾಗುತ್ತದೆ. ಪ್ರತಿ ಅಂಗಡಿ, ಪ್ರತಿ ಮನೆ ತನ್ನ ಕಾರು ಒಳಗೆ ಹೋಗಲೆಂದು ಕಾಂಕ್ರೀಟ್ ಇಳಿಜಾರನ್ನು ರಸ್ತೆಯವರೆಗೆ ಚಾಚುತ್ತದೆ. ಹೀಗೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಹತ್ತು ಸಲ ಏರಿ ಇಳಿಯಬೇಕು. ಆರೋಗ್ಯವಂತರು ಇದರ ಗೊಡವೆಯೇ ಬೇಡವೆಂದು ರಸ್ತೆಗಿಳಿದು ನಡೆಯುತ್ತಾರೆ. ಗಾಲಿಕುರ್ಚಿಯವರಿಗೆ ಆ ಆಯ್ಕೆ ಇದ್ದರೂ ಅದು ಲಾರಿಯ ಚಕ್ರದ ಪಕ್ಕದ ಆಯ್ಕೆ.

ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಹೊರತಂದಿರುವ 103ನೇ ಸಂಹಿತೆಯ ಅಳತೆಗಳು ಸರಳ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಚುಕಟ್ಟೆಯ ಎತ್ತರ 150 ಮಿಲಿಮೀಟರ್ ಮೀರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದು ದಾಟಲು ಬೇಕಾದ ಅಗಲ ಅದು. ನಮ್ಮ ಪಟ್ಟಣಗಳ ಹಳೆಯ ಬೀದಿಗಳಲ್ಲಿ ಇಷ್ಟು ಅಗಲ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಇದೇ ಬೀದಿಗಳಲ್ಲಿ ಎರಡೂ ಬದಿ ಕಾರು ನಿಲ್ಲಿಸಲು ಜಾಗ ಹೇಗೆ ಸಿಗುತ್ತಿದೆ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಚಿಕ್ಕಮಗಳೂರಿನಂಥ ಊರಿಗೆ ವಾರಾಂತ್ಯದಲ್ಲಿ ಬೆಟ್ಟ ನೋಡಲು ಬರುವ ವಾಹನಗಳ ಸಾಲು ಬೇರೆ. ಪ್ರವಾಸಿಗಳಿಗಾಗಿ ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ನಡೆಯುವವರ ಅಂಚು.

ಬೆಂಗಳೂರು ಒಂದು ಒಳ್ಳೆಯ ಪ್ರಯೋಗ ಮಾಡಿತು. 2010ರ ದಶಕದ ನಡುವಿನಲ್ಲಿ ‘ಟೆಂಡರ್‌ಶ್ಯೂರ್’ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆ ಮೊದಲಾದವನ್ನು ಅಡಿಯಿಂದಲೇ ಮರುಕಟ್ಟಲಾಯಿತು. ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕದ ಕೊಳವೆಗಳನ್ನೆಲ್ಲ ಮೊದಲೇ ನೆಲದೊಳಗೆ ಜೋಡಿಸಿ, ಮೇಲೆ ಅಗಲವಾದ ಸಮತಟ್ಟು ಪಾದಚಾರಿ ಮಾರ್ಗ ಹಾಸಿದರು. ಖರ್ಚು ಹೆಚ್ಚಾಯಿತು, ರಸ್ತೆ ಕಿರಿದಾಯಿತು ಎಂಬ ಟೀಕೆ ಬಂತು. ಆದರೆ ಆ ಬೀದಿಗಳಲ್ಲಿ ಮುದುಕರು ನಿಧಾನವಾಗಿ, ಕೆಳಗೆ ನೋಡದೆ ಮಾತಾಡುತ್ತ ನಡೆಯುವುದನ್ನು ಕಂಡವರಿಗೆ ಅದರ ಬೆಲೆ ತಿಳಿಯುತ್ತದೆ. ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಆರಂಭವಾದಾಗಿನಿಂದ ನಿಲ್ದಾಣಗಳಲ್ಲಿ ಲಿಫ್ಟು, ಕಾಲಿಗೆ ದಾರಿ ತಿಳಿಸುವ ಉಬ್ಬು ಹಾಸು, ಗಾಲಿಕುರ್ಚಿಗೆ ಜಾಗ ಎಲ್ಲ ಇದೆ. ನಿಲ್ದಾಣದ ಕೊನೆಯ ಮೆಟ್ಟಿಲು ಇಳಿದು ಬೀದಿಗೆ ಬಂದ ಮೇಲೆ ಎಷ್ಟೋ ಕಡೆ ಆ ಸೌಕರ್ಯ ನಿಂತುಹೋಗುತ್ತದೆ. ನಿಲ್ದಾಣ ಒಂದು ಸಂಸ್ಥೆಯದು, ಬೀದಿ ಇನ್ನೊಂದರದು. ದಂಬೆ ಜಾರುವುದು ಹೀಗೆ, ಇಬ್ಬರ ಗಡಿಯಲ್ಲಿ.

ಬೀದಿಬದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿಬಿಟ್ಟರೆ ಪಾದಚಾರಿ ಮಾರ್ಗ ಸರಿಹೋಯಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗದ ಹಕ್ಕು ಕೊಟ್ಟಿದೆ, ಪಟ್ಟಣ ವ್ಯಾಪಾರ ಸಮಿತಿ ಗಡಿ ಗುರುತಿಸಬೇಕೆಂದಿದೆ. ಆ ವ್ಯಾಪಾರಿಗಳಲ್ಲೂ ಅಂಗವಿಕಲರಿದ್ದಾರೆ. ಹೂ ಮಾರುವ ಅಮ್ಮ ಕೂತ ಮೂಲೆಯಲ್ಲಿ ಕತ್ತಲಾದ ಮೇಲೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಆಕೆಗೆ ಒಂದು ಗೆರೆ, ನಡೆಯುವವರಿಗೆ ಒಂದು ಗೆರೆ ಎಳೆದರೆ ಇಬ್ಬರೂ ಉಳಿಯುತ್ತಾರೆ. ಸ್ಕೂಟರ್ ತಡೆಯಲು ನೆಡುವ ಗೂಟಗಳ ವಿಚಾರ ಇನ್ನೂ ಸೂಕ್ಷ್ಮ. ಗೂಟಗಳ ನಡುವೆ ಒಂದು ಮೀಟರಿನಷ್ಟಾದರೂ ಜಾಗ ಬಿಡದಿದ್ದರೆ ಸ್ಕೂಟರ್ ಹೇಗೋ ನುಸುಳುತ್ತದೆ, ಗಾಲಿಕುರ್ಚಿ ಮಾತ್ರ ಹೊರಗೆ ಉಳಿಯುತ್ತದೆ.

ಜಗತ್ತು ಇದನ್ನು ಕಲಿತದ್ದೂ ಬಳಸುವವರಿಂದಲೇ. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಉಬ್ಬು ಹಾಸು ಮೊದಲು ನೆಲಕ್ಕೆ ಬಿದ್ದದ್ದು 1967ರ ಮಾರ್ಚ್ 18ರಂದು, ಒಕಾಯಾಮಾ ನಗರದಲ್ಲಿ. ಉದ್ದ ಗೆರೆಗಳಿದ್ದರೆ ಮುಂದೆ ನಡೆಯಬಹುದು, ಚುಕ್ಕೆಗಳಿದ್ದರೆ ನಿಲ್ಲು, ಮುಂದೆ ತಿರುವೋ ರಸ್ತೆಯೋ ಇದೆ. ಅಷ್ಟೇ ಭಾಷೆ. ನಮ್ಮ ಊರುಗಳಲ್ಲಿ ಇದೇ ಹಳದಿ ಹಾಸನ್ನು ಅಲಂಕಾರಕ್ಕೆಂಬಂತೆ ಹಾಕಿ, ವಿದ್ಯುತ್ ಕಂಬದ ಬುಡಕ್ಕೆ ತಂದು ಬಿಟ್ಟಿರುವುದನ್ನು ಕಾಣುತ್ತೇವೆ. ಬಿಳಿ ಕೋಲಿನವರ ಮಟ್ಟಿಗೆ ಅದು ಸುಳ್ಳು ಹೇಳುವ ದಾರಿ, ಹಾಸು ಇಲ್ಲದಿರುವುದಕ್ಕಿಂತ ಅಪಾಯ. ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು ತಮ್ಮ ಗಾಲಿಕುರ್ಚಿಗಳಲ್ಲೇ ಹೋರಾಡಿ, 1970ರ ದಶಕದ ಆರಂಭದಲ್ಲಿ ರಸ್ತೆ ತಿರುವುಗಳ ಅಂಚುಕಟ್ಟೆಗಳನ್ನು ಇಳಿಜಾರಾಗಿಸಿದರು. ಅದರ ಲಾಭ ಸಿಕ್ಕಿದ್ದು ಮಗುವಿನ ಗಾಡಿ ತಳ್ಳುವವರಿಗೆ, ಸಾಮಾನು ಸಾಗಿಸುವವರಿಗೆ, ಎಲ್ಲರಿಗೂ. ನಮ್ಮಲ್ಲೂ ಈ ಪರಂಪರೆ ಚಿಕ್ಕದಲ್ಲ. ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಕಟ್ಟಿದರು. ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ಅಂಗವಿಕಲರ ರಾಜ್ಯ ಆಯುಕ್ತರಾಗಿ ದುಡಿದರು, 2024ರಲ್ಲಿ ಪದ್ಮಶ್ರೀ ಪಡೆದರು.

ಮತ್ತೆ ಗುಡ್ಡಕ್ಕೆ ಬರೋಣ. ಬಯಲುಸೀಮೆಯ ನಗರಗಳಿಗೆ ಬರೆದ ಮಾನದಂಡ ಇಲ್ಲಿ ಎಲ್ಲಿ ಸಿಕ್ಕಿಬೀಳುತ್ತದೆ? ರ‍್ಯಾಂಪಿನ ಇಳಿಜಾರು ಹನ್ನೆರಡಕ್ಕೆ ಒಂದು ಮೀರಬಾರದು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಪ್ರತಿ ಒಂಬತ್ತು ಮೀಟರಿಗೆ ನಿಂತು ಉಸಿರು ಬಿಡಲು ಸಮತಟ್ಟು ಬೇಕು. ಮಲೆನಾಡಿನಲ್ಲಿ ಮಳೆನೀರು ಒಳನುಗ್ಗದಿರಲೆಂದು ಕಟ್ಟಡದ ಅಡಿಪಾಯವನ್ನು ಎತ್ತರಿಸುವುದು ವಾಡಿಕೆ. ಮೂರು ಅಡಿ ಎತ್ತರದ ಜಗಲಿಗೆ ಮೂವತ್ತಾರು ಅಡಿ ರ‍್ಯಾಂಪ್ ಬೇಕು. ಅಷ್ಟು ಜಾಗ ಬಿಟ್ಟು ಯಾರು ನಕ್ಷೆ ಬರೆಯುತ್ತಾರೆ? ಕೊನೆಗೆ ಆರೆಂಟು ಅಡಿಯ ಕಡಿದಾದ ಇಳಿಜಾರು ಕಟ್ಟಿ, ಗಾಲಿಕುರ್ಚಿಯ ಚಿತ್ರ ಬರೆದು, ಬಿಲ್ಲು ಮಾಡುತ್ತಾರೆ. ಅದರ ಮೇಲೆ ಒಬ್ಬಂಟಿಯಾಗಿ ಗಾಲಿಕುರ್ಚಿ ಹತ್ತಿಸಲು ಗಟ್ಟಿಮುಟ್ಟಾದ ತೋಳಿನವರಿಗೂ ಆಗದು, ಇಳಿಯುವಾಗ ಹಿಂದಿನಿಂದ ಹಿಡಿಯದಿದ್ದರೆ ಮುಗ್ಗರಿಸುವುದು ಖಚಿತ. ಮೊದಲೇ ಯೋಚಿಸಿದ್ದರೆ ಕಟ್ಟಡದ ಹಿಂಬದಿಯ ಗುಡ್ಡದ ಮಟ್ಟದಿಂದಲೇ ಒಳಗೆ ಬಾಗಿಲು ತೆಗೆಯಬಹುದಿತ್ತು. ಇಳಿಜಾರು ನೆಲದಲ್ಲಿ ಕಟ್ಟುವವರಿಗೆ ಇರುವ ಈ ಅನುಕೂಲವನ್ನು ನಾವು ಬಳಸಿಕೊಳ್ಳುತ್ತಿಲ್ಲ. ಗುಡ್ಡಗಾಡಿನ ರಸ್ತೆಗಳಿಗೆ ಸಾಮಾನ್ಯವಾಗಿ ಇಪ್ಪತ್ತಕ್ಕೆ ಒಂದರ ಏರನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಲಾರಿಯ ಎಂಜಿನ್ನಿಗೆ ತೋರುವಷ್ಟು ಕರುಣೆಯನ್ನು ಮನುಷ್ಯರ ತೋಳಿಗೆ, ಮಂಡಿಗೆ ತೋರಿದರೆ ಸಾಕು.

ಇನ್ನು ಮಳೆ. ವಾರಗಟ್ಟಲೆ ಬಿಡದೆ ಸುರಿದ ಮೇಲೆ ನಯವಾದ ಟೈಲ್ಸ್, ಇಂಟರ್‌ಲಾಕ್ ಕಲ್ಲು, ಗ್ರಾನೈಟ್ ಎಲ್ಲದರ ಮೇಲೂ ಪಾಚಿ ಕಟ್ಟುತ್ತದೆ. ಊರುಗೋಲಿನ ರಬ್ಬರ್ ತುದಿ ಅದರ ಮೇಲೆ ನಿಲ್ಲುವುದಿಲ್ಲ. ಒರಟು ಗೀರು ಹಾಕಿದ ಕಾಂಕ್ರೀಟು, ನೀರು ನಿಲ್ಲದ ಸಣ್ಣ ಓರೆ, ಎರಡೂ ಬದಿ ಹಿಡಿಕೆ ಇಷ್ಟಿದ್ದರೆ ಬಹಳವಾಯಿತು. ಹಿಡಿಕೆಯ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಎಲ್ಲ ಮೆಟ್ಟಿಲೂ ಶತ್ರುವಲ್ಲ. ಮಂಡಿ ನೋವಿನವರಿಗೆ, ಕಣ್ಣು ಮಂಜಾದವರಿಗೆ ಕಡಿದಾದ ಇಳಿಜಾರಿಗಿಂತ ಒಂದೇ ಎತ್ತರದ, ಅಂಚಿಗೆ ಬಿಳಿ ಪಟ್ಟಿ ಬಳಿದ, ಹಿಡಿಕೆಯುಳ್ಳ ಮೆಟ್ಟಿಲೇ ಎಷ್ಟೋ ವಾಸಿ. ಆದ್ದರಿಂದ ಎರಡೂ ಬೇಕು. ಕಬ್ಬಿಣದ ಕೊಳವೆಯ ಹಿಡಿಕೆಯಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜನರನ್ನು ಮನೆಯಿಂದ ಹೊರಗೆ ಕರೆತರುವ ಬೇರೊಂದು ಸಾಧನ ನನಗೆ ಕಾಣದು. ಶಿಮ್ಲಾದಂಥ ಗುಡ್ಡದ ನಗರ ಕೆಳಗಿನ ಕಾರ್ಟ್ ರಸ್ತೆಯಿಂದ ಮೇಲಿನ ಮಾಲ್ ರಸ್ತೆಗೆ ಸಾರ್ವಜನಿಕ ಲಿಫ್ಟ್ ಇಟ್ಟಿದೆ, ಮಾಲ್ ರಸ್ತೆಯನ್ನು ನಡೆಯುವವರಿಗೇ ಬಿಟ್ಟಿದೆ. ಅಷ್ಟು ದೊಡ್ಡದು ನಮ್ಮ ಸಣ್ಣ ಪೇಟೆಗಳಿಗೆ ಬೇಡ.

ಬಸ್ಸಿನ ವಿಚಾರ ಕಷ್ಟದ್ದು. ಬೆಂಗಳೂರಿನಲ್ಲಿ ಓಡುವ ತಗ್ಗು ನೆಲದ ಬಸ್ಸುಗಳು ಉಬ್ಬುತಗ್ಗಿನ ತೋಟದ ರಸ್ತೆಗಳಲ್ಲಿ ತಳ ತಾಗಿ ನಿಲ್ಲುತ್ತವೆ. ಹಾಗಾದರೆ ಬಸ್ಸನ್ನು ಇಳಿಸುವ ಬದಲು ನಿಲ್ದಾಣವನ್ನು ಎತ್ತರಿಸಬಹುದು. ಮುಖ್ಯ ನಿಲುಗಡೆಗಳಲ್ಲಿ ಮೊದಲ ಮೆಟ್ಟಿಲಿನ ಮಟ್ಟಕ್ಕೆ ಒಂದು ಕಟ್ಟೆ, ಅದಕ್ಕೆ ಹತ್ತಲು ಉದ್ದನೆಯ ಇಳಿಜಾರು, ಚಾಲಕರು ಕಟ್ಟೆಗೆ ಒತ್ತಿ ನಿಲ್ಲಿಸುವ ಶಿಸ್ತು. ಕೆಎಸ್‌ಆರ್‌ಟಿಸಿ ಅಂಗವಿಕಲರಿಗೆ ನೂರು ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಕೊಡುತ್ತದೆ. ಹತ್ತಲು ಆಗುವಂತಿದ್ದರೆ ತಾನೇ ಪಾಸಿನ ಪ್ರಯೋಜನ? ಸರ್ಕಾರ ಕೊಡುತ್ತಿರುವ ಪಕ್ಕದ ಚಕ್ರಗಳ ಸ್ಕೂಟರ್ ಈ ಗುಡ್ಡಗಳಲ್ಲಿ ಎಷ್ಟೋ ಯುವಕರ ಬದುಕನ್ನೇ ಬದಲಿಸಿದೆ. ಆದರೆ ಕಚೇರಿಯ ಬಾಗಿಲ ಪಕ್ಕದಲ್ಲೇ ಅದನ್ನು ನಿಲ್ಲಿಸಲು ಜಾಗ ಕಾದಿರಿಸದಿದ್ದರೆ, ಅಷ್ಟು ದೂರ ಸ್ವಂತ ಬಲದಲ್ಲಿ ಬಂದವನು ಕೊನೆಯ ಐವತ್ತು ಹೆಜ್ಜೆಗೆ ಪರರ ಹೆಗಲು ಹುಡುಕಬೇಕು.

ಕಳಸ, ಮೂಡಿಗೆರೆ ಕಡೆಯ ಒಳಗಿನ ಹಳ್ಳಿಗಳಿಂದ ಕಾಯಿಲೆಯವರನ್ನು ಬಡಿಗೆಗೆ ಕಟ್ಟಿದ ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಮಳೆಗಾಲದಲ್ಲಿ ಈಗಲೂ ಬರುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಜರಿದು ಬಂದಾಗ, ಓಡಲಾಗದವರ ಪಾಲಿಗೆ ದಾರಿಯ ಅರ್ಥವೇ ಬೇರೆಯಾಗಿತ್ತು. ಮಲೆನಾಡು, ಕರಾವಳಿಯ ಶಾಲಾ ಮಕ್ಕಳಿಗಾಗಿ ಕಾಲುಸಂಕಗಳ ಜಾಗದಲ್ಲಿ ಸಣ್ಣ ಸೇತುವೆ ಕಟ್ಟಲು ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ತಂದಿತು. ನನ್ನ ದೃಷ್ಟಿಯಲ್ಲಿ ಸುಗಮ್ಯತೆಯ ಬಗ್ಗೆ ಈ ಭಾಗದಲ್ಲಿ ನಡೆದ ಅತ್ಯಂತ ಅರ್ಥಪೂರ್ಣ ಕೆಲಸಗಳಲ್ಲಿ ಅದೂ ಒಂದು, ಆ ಹೆಸರಿನಲ್ಲಿ ಅದು ಲೆಕ್ಕಕ್ಕೆ ಬರದಿದ್ದರೂ. ಆ ಸೇತುವೆಗಳನ್ನು ಗಾಲಿಕುರ್ಚಿ ದಾಟುವಷ್ಟು ಅಗಲ ಮಾಡಿ, ಎರಡೂ ತುದಿಯನ್ನು ಮೆಟ್ಟಿಲಿಲ್ಲದೆ ನೆಲಕ್ಕೆ ಕೂಡಿಸಿದರೆ ಮಕ್ಕಳ ಜತೆ ಅಜ್ಜಿಯೂ ದಾಟುತ್ತಾಳೆ.

ಸಾರ್ವಜನಿಕ ಜಾಗ ಎಂದರೆ ಆಸ್ಪತ್ರೆ, ಕಚೇರಿ ಮಾತ್ರವಲ್ಲ. ಸಂತೆ, ಜಾತ್ರೆ, ದೇವಸ್ಥಾನ, ಗ್ರಂಥಾಲಯ, ಗ್ರಾಮಸಭೆ, ಮದುವೆ ಮಂಟಪ, ಊರಿನ ಚಹಾದಂಗಡಿಯ ಬೆಂಚು ಎಲ್ಲ ಸೇರುತ್ತವೆ. ಕಳಸೇಶ್ವರನ ಸನ್ನಿಧಿಗೆ ಮೆಟ್ಟಿಲು ಹತ್ತಬೇಕು, ಮುಳ್ಳಯ್ಯನಗಿರಿಯ ತುದಿಗೂ ಮೆಟ್ಟಿಲೇ. ಶ್ರವಣಬೆಳಗೊಳದಲ್ಲಿ ಡೋಲಿ ಹೊರುವವರಿದ್ದಾರೆ. ಬೆಟ್ಟವನ್ನು ಕಡಿದು ಎಲ್ಲಕ್ಕೂ ದಾರಿ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಊರೊಳಗಿನ ಜಾಗಗಳಿಗೆ ಬೆಟ್ಟದ ನೆಪ ಹೇಳಲಾಗದು. ಗ್ರಾಮಸಭೆ ಮಹಡಿಯ ಸಭಾಂಗಣದಲ್ಲಿ ನಡೆದರೆ, ರ‍್ಯಾಂಪ್ ಬೇಕೆಂದು ಕೇಳಬೇಕಾದವರೇ ಕೆಳಗೆ ಉಳಿಯುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಹಾಸಿಗೆ ಹಿಡಿದವರಿಗೆ ಅದು ವರ. ಆದರೆ ಮತಗಟ್ಟೆಗೆ ಬರಬಲ್ಲವರನ್ನೂ ಮನೆಯಲ್ಲೇ ಉಳಿಸಲು ಅದು ನೆಪವಾಗಬಾರದು. ಮತದಾನದ ದಿನ ಮತಗಟ್ಟೆಯ ಮುಂದೆ ನಿಂತು ನಾಲ್ಕು ಜನರನ್ನು ಮಾತಾಡಿಸುವುದೂ ಊರಿನವರಾಗಿರುವುದರ ಒಂದು ಭಾಗ.

ಕಿವಿ ಕೇಳದವರಿಗೆ ದೊಡ್ಡ ಅಕ್ಷರದ ಫಲಕ, ಕಣ್ಣು ಕಾಣದವರಿಗೆ ಕೂಗಿ ಹೇಳುವ ದನಿ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಗದ್ದಲವಿಲ್ಲದ ಮೂಲೆ ಬೇಕು. ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ತೋಟದ ಕೆಲಸಕ್ಕೆ ಬಂದವರು ಕನ್ನಡ ಓದಲಾರರು, ಅವರಿಗೆ ಚಿತ್ರವಿರುವ ಫಲಕ ಬೇಕು. ಇವು ಸಿಮೆಂಟಿನ ಕೆಲಸಗಳೂ ಅಲ್ಲ.

ನಮ್ಮ ಸೀಮೆಯ ಜನ ಕೈಗೊಡುವವರು. ಮೆಟ್ಟಿಲ ಬುಡದಲ್ಲಿ ಯಾರಾದರೂ ತಡವರಿಸಿದರೆ, “ಬನ್ನಿ ಅಮ್ಮ, ಕೈ ಹಿಡೀರಿ” ಎಂದು ಗುರುತಿಲ್ಲದವರೂ ಬರುತ್ತಾರೆ. “ನಾಲ್ಕು ಜನ ಸೇರಿ ಎತ್ತಿಬಿಡ್ತೀವಿ ಮಾರಾಯ್ರೆ, ಅದಕ್ಯಾಕೆ ಚಿಂತೆ” ಎನ್ನುತ್ತಾರೆ. ಆ ಒಳ್ಳೆಯತನ ನಿಜವಾದದ್ದು, ಅದನ್ನು ಕಳೆದುಕೊಳ್ಳುವ ಊರು ಬಡವಾಗುತ್ತದೆ. ಆದರೆ ಎತ್ತಿಸಿಕೊಳ್ಳುವವರ ಕಡೆಯಿಂದಲೂ ನೋಡಬೇಕು. ಪ್ರತಿ ಸಲ ಕೇಳಬೇಕು, ಪ್ರತಿ ಸಲ ಧನ್ಯವಾದ ಹೇಳಬೇಕು, ಮೈಯನ್ನು ಅಪರಿಚಿತರ ಕೈಗೆ ಒಪ್ಪಿಸಬೇಕು. ಹರೆಯದ ಹುಡುಗಿಗೆ ಅದು ಸಂಕಟ. ಸ್ವಾಭಿಮಾನಿ ಮುದುಕರು ಕೇಳುವುದಕ್ಕಿಂತ ಮನೆಯಲ್ಲೇ ಉಳಿಯುವುದನ್ನು ಆರಿಸಿಕೊಳ್ಳುತ್ತಾರೆ. ಅವರು ಹೊರಗೆ ಕಾಣದ ಕಾರಣಕ್ಕೆ, “ನಮ್ಮೂರಲ್ಲಿ ಅಂಥವರು ಯಾರಿದ್ದಾರೆ?” ಎಂಬ ಪ್ರಶ್ನೆ ಸಭೆಗಳಲ್ಲಿ ಏಳುತ್ತದೆ, ಕಡತ ಅಲ್ಲಿಗೆ ಮುಚ್ಚುತ್ತದೆ.

ದುಡ್ಡಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು, ಕಡಿಮೆ ಗೌರವಧನಕ್ಕೆ ಮನೆಮನೆ ಅಲೆಯುವವರು. ಯಾವ ಮನೆಯಿಂದ ಯಾರು ಹೊರಬರಲಾಗುತ್ತಿಲ್ಲ, ಯಾವ ತಿರುವಿನಲ್ಲಿ ಯಾರು ಬಿದ್ದರು ಎಂಬುದು ಅವರಿಗೆ ಗೊತ್ತು. ಆದರೆ ಅವರ ಕೆಲಸ ಪಿಂಚಣಿ ಅರ್ಜಿ, ಗುರುತಿನ ಚೀಟಿಗಳಲ್ಲೇ ಮುಗಿಯುತ್ತದೆ. ರಸ್ತೆ ಅಂದಾಜುಪಟ್ಟಿ ತಯಾರಾಗುವಾಗ ಅವರನ್ನು ಕರೆಯುವ ಪದ್ಧತಿ ಇಲ್ಲ. ಒಂದೇ ಪ್ರಯಾಣದ ಮೇಲೆ ತೋಟದ ಮಾಲೀಕರು, ಪಂಚಾಯಿತಿ, ಲೋಕೋಪಯೋಗಿ ಇಲಾಖೆ, ಸಾರಿಗೆ ಸಂಸ್ಥೆ, ನಗರಸಭೆ, ಆರೋಗ್ಯ ಇಲಾಖೆ ಇಷ್ಟು ಜನರ ಒಡೆತನವಿದೆ. ಲೈನ್ ಮನೆಯಿಂದ ಗೇಟಿನವರೆಗಿನ ಭಾಗ ತೋಟದವರದು. ಕಾರ್ಮಿಕರ ವಸತಿಯ ಹೊಣೆಯನ್ನು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಷ್ಟು ಹಿಂದೆಯೇ ಒಪ್ಪಿಕೊಂಡ ಕ್ಷೇತ್ರ ಇದು. ಉಣುಗೋಲಿನ ಪಕ್ಕ ಒಂದು ಅಗಲದ ಗೇಟು, ಜಗಲಿಗೆ ಒಂದು ಹಿಡಿಕೆ ಅದರ ಶಕ್ತಿಗೆ ಮೀರಿದ್ದಲ್ಲ.

ಮೊದಲ ಹೆಜ್ಜೆಯಾಗಿ, ಮಲ್ಲಂದೂರಿನಂಥ ಒಂದೊಂದು ಊರಿನಿಂದ ಜಿಲ್ಲಾ ಕೇಂದ್ರದವರೆಗಿನ ಒಂದು ದಾರಿಯನ್ನು ಆರಿಸಿಕೊಂಡು, ಊರುಗೋಲಿನವರು, ಬಿಳಿ ಕೋಲಿನವರು, ಗಾಲಿಕುರ್ಚಿಯವರು, ಪುನರ್ವಸತಿ ಕಾರ್ಯಕರ್ತರು, ಈ ಎಲ್ಲ ಇಲಾಖೆಗಳ ಎಂಜಿನಿಯರುಗಳು ಜತೆಯಾಗಿ ಪೂರ್ತಿ ಹೋಗಿಬರಬೇಕು. ಎಲ್ಲಿ ನಿಲ್ಲಬೇಕಾಯಿತೋ ಅಲ್ಲಿ ಅಳತೆಪಟ್ಟಿ ಇಟ್ಟು ಬರೆದುಕೊಳ್ಳಬೇಕು, ಆ ಪಟ್ಟಿ ಗ್ರಾಮಸಭೆಯಲ್ಲೂ ನಗರಸಭೆಯಲ್ಲೂ ಓದಿ ಹೇಳುವಂಥದ್ದಾಗಬೇಕು. ಇಂಥ ತಪಾಸಣೆಗಳನ್ನು ವಿಶ್ವ ಅಂಗವಿಕಲರ ದಿನವೆಂದು ಡಿಸೆಂಬರ್ 3ರ ಆಸುಪಾಸಿಗೆ ಇಟ್ಟುಕೊಳ್ಳುವುದು ರೂಢಿ. ಆಗ ನೆಲ ಒಣಗಿರುತ್ತದೆ, ಪಾಚಿ ಸುಕ್ಕಿರುತ್ತದೆ, ಹಳ್ಳ ಇಳಿದಿರುತ್ತದೆ, ಕಾಫಿ ಕೊಯ್ಲು ಹಿಡಿದು ಲೈನ್ ಮನೆಯವರಿಗೆ ಬಿಡುವೂ ಇರುವುದಿಲ್ಲ. ಈ ನಡಿಗೆ ಜುಲೈನಲ್ಲಿ ಆಗಬೇಕು, ಮಳೆ ಹೊಯ್ಯುತ್ತಿರುವಾಗಲೇ.